ಕೊಪ್ಪಳ ಜಿಲ್ಲೆಯಿಂದ ಮೂರು ಹೆಸರು

ಅಪ್ಪನ ಗೊರಕೆ ಶುರುವಾದ ಮೇಲೆಯೇ ರೇಡಿಯೋ ಬಾಯಿ ಬಿಡಬೇಕು ಎಂಬುದು ನಾನೂ ಅಕ್ಕನೂ ಮಾಡಿಕೊಂಡಿದ್ದ ಕಾಯಿದೆ. ಕುಷ್ಟಗಿಯ ನಮ್ಮ ಮನೆಯಲ್ಲಿ ಅಪ್ಪ ಪಡಸಾಲೆಯಲ್ಲಿ ಮಲಗುತ್ತಿದ್ದ, ಅವ್ವ ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ. ಒಳಕೋಣೆಯಲ್ಲಿ ಬಾಣಂತಿ ಅಕ್ಕ, ಅವಳ ಮಗ್ಗುಲಲ್ಲಿ ಹೆಣ್ಣು ಕೂಸು, ಗೋಡೆಯ ಕಡೆ ನಾನು. ಕೊಪ್ಪಳ ಹೊಸದಾಗಿ ಜಿಲ್ಲೆಯಾದ ಮರುವರ್ಷದ ಮಾತು ಇದು. ನನಗಾಗ ಹತ್ತೊಂಬತ್ತು. ಹೊಸ ಜಿಲ್ಲೆಗೆ ಹೊಸ ಕಚೇರಿಗಳು ಬರುತ್ತವೆ, ಕೆಲಸ ಸಿಕ್ಕೀತು ಅಂತ ಊರಿನ ಅರ್ಧ ಹುಡುಗಿಯರು ಟೈಪಿಂಗ್ ಕಲಿಯುತ್ತಿದ್ದರು, ನಾನೂ ಕಲಿಯುತ್ತಿದ್ದೆ.

ಹತ್ತೂವರೆಗೆ ಅಕ್ಕ ತಲೆದಿಂಬಿನ ಕೆಳಗಿನಿಂದ ಅಂಗೈಯಗಲದ ರೇಡಿಯೋ ತೆಗೆಯುತ್ತಿದ್ದಳು. ಬಾಣಂತಿಯ ಕಿವಿಗೆ ಗಾಳಿ ಹೊಗಬಾರದು ಅಂತ ಅವ್ವ ಅವಳ ತಲೆಗೆ ಬಿಗಿಯಾಗಿ ಸ್ಕಾರ್ಫು ಕಟ್ಟಿರುತ್ತಿದ್ದಳಲ್ಲ, ಅದರೊಳಗೇ ರೇಡಿಯೋ ತುರುಕಿಕೊಳ್ಳುತ್ತಿದ್ದಳು. ನಾನು ಅವಳ ಗಲ್ಲಕ್ಕೆ ಗಲ್ಲ ಹಚ್ಚಿ ಮಲಗಿ ಕೇಳುತ್ತಿದ್ದೆ. ದೂರದ ಯಾವುದೋ ನಿಲಯ. ಮುಳ್ಳು ಒಂದು ಕೂದಲೆಳೆ ಆಚೀಚೆಯಾದರೆ ಬರೀ ಗೊರ್ ಗೊರ್. ಸರಿಯಾಗಿ ಕೂತರೆ ಮಾತ್ರ ಆ ಹಾಡುಗಳು ಬರುತ್ತಿದ್ದವು.

ಎಂಥ ಹಾಡುಗಳವು! ಹಗಲು ಹೋಟೆಲಿನಲ್ಲಿ, ಟಂಟಂ ಗಾಡಿಯಲ್ಲಿ ಬರುವ ಹಾಡುಗಳಿಗೆ ಏನೋ ಅವಸರ, ಕುಣಿಯಬೇಕು, ಕುಣಿಸಬೇಕು. ರಾತ್ರಿಯವಕ್ಕೆ ಎಲ್ಲೂ ಹೋಗುವುದಿರಲಿಲ್ಲ. ಹಾಡುವ ಗಂಡಸು ಪಕ್ಕದಲ್ಲೇ ಕೂತು, ಯಾರಿಗೂ ಕೇಳಿಸಬಾರದೆಂಬಂತೆ ಹಾಡುತ್ತಿದ್ದ. ಅರ್ಧ ಹಾಡುಗಳು ಹಿಂದಿಯವು, ಪೂರಾ ತಿಳಿಯುತ್ತಲೂ ಇರಲಿಲ್ಲ. ಆದರೂ ಒಬ್ಬ ಗಂಡಸು ಒಬ್ಬ ಹೆಂಗಸಿಗೆ, ನೀನಿಲ್ಲದೆ ನನಗೆ ಆಗುವುದಿಲ್ಲ ಅಂತ ಹೇಳುತ್ತಿದ್ದಾನೆ ಅನ್ನುವಷ್ಟು ತಿಳಿಯುತ್ತಿತ್ತು. ನಮ್ಮ ಕಡೆ ಗಂಡಸರು ಹೆಂಡತಿಗೆ ಏನು ಹೇಳುತ್ತಿದ್ದರು? ನೀರು ಕೊಡು, ಬುತ್ತಿ ಕಟ್ಟು, ಕರೆಂಟು ಬಂತೇನು ನೋಡು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ನನ್ನ ಅಪ್ಪ ಅವ್ವನನ್ನು 'ಏ ಇಕಿನ' ಅಂತ ಕರೆಯುತ್ತಿದ್ದ. ಅಂಥ ಮನೆಯಲ್ಲಿ ಹುಟ್ಟಿದವಳ ಕಿವಿಗೆ ಆ ದನಿ ಬಿದ್ದರೆ ಏನಾಗಬೇಕು? ನನಗಂತೂ ಹುಚ್ಚು ಹಿಡಿದಿತ್ತು, ಮುಚ್ಚಿಡುವುದೇನು.

ಹಾಡಿಗಿಂತ ಹೆಚ್ಚಿನ ಹುಚ್ಚು ಹಾಡಿನ ಮುಂಚೆ ಓದುವ ಹೆಸರುಗಳದು. ಹಾಡು ಬೇಕಾದವರು ಕಾರ್ಡು ಬರೆಯಬೇಕು. ನಿಲಯದ ಹೆಣ್ಣುಮಗಳು ಮೆತ್ತನೆಯ ದನಿಯಲ್ಲಿ ಇಂಥ ಊರಿನಿಂದ ಇಂಥವರು, ಇಂಥವರು ಅಂತ ಓದುತ್ತಿದ್ದಳು. ಗಂಡನ ಹೆಸರು, ಅದರ ಮಗ್ಗುಲಿಗೇ ಹೆಂಡತಿಯ ಹೆಸರು, ಆಮೇಲೆ ಮಕ್ಕಳದು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅನ್ನುವ ಹೆಂಗಸರು ನಾವು. ಅಕ್ಕ ತನ್ನ ಗಂಡನ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಒಂದೇ ಸಲ, ಮದುವೆಯಲ್ಲಿ, ಎಲ್ಲರೂ ಬಾಗಿಲು ಅಡ್ಡಗಟ್ಟಿ ಒಡಪು ಹಾಕಿಸಿದಾಗ. ಅಂಥ ಎರಡು ಹೆಸರುಗಳನ್ನು ಯಾರೋ ಒಬ್ಬಳು ನಾಚಿಕೆಯಿಲ್ಲದೆ ಒಟ್ಟಿಗೆ ಕೂಡಿಸಿ ಊರಿಗೆಲ್ಲ ಕೇಳಿಸುತ್ತಿದ್ದಳು. ಕೇಳಿ ಅಕ್ಕ ಕತ್ತಲಲ್ಲಿ ನಗುತ್ತಿದ್ದಳು, "ಪುಣ್ಯಾ ಮಾಡ್ಯಾರ ಬಿಡು ಇವರು" ಅನ್ನುತ್ತಿದ್ದಳು.

ಅವಳಿಗೆ ಆ ರೇಡಿಯೋ ಕೊಟ್ಟವನು ಅವಳ ಗಂಡ. ಮಾಮಾ ಯಲಬುರ್ಗಾದವ, ಪ್ರೈಮರಿ ಸಾಲಿ ಮಾಸ್ತರ. ಮಾತು ಕಡಿಮೆ, ತಾಯಿಯ ಮುಂದಂತೂ ಇಲ್ಲವೇ ಇಲ್ಲ. ಆದರೆ ರಾತ್ರಿ ಹತ್ತೂವರೆಗೆ, ಮನೆಯವರೆಲ್ಲ ಮಲಗಿದ ಮೇಲೆ, ಇಬ್ಬರೂ ಇದೇ ಹಾಡುಗಳನ್ನು ಕೇಳುತ್ತಿದ್ದರಂತೆ. ಬಾಣಂತನಕ್ಕೆ ತವರಿಗೆ ಹೊರಟಾಗ ಅವನೇ ಅವಳ ಚೀಲದಲ್ಲಿ ಸೀರೆಗಳ ಕೆಳಗೆ ರೇಡಿಯೋ ಇಟ್ಟು, "ನನಗ ಮನ್ಯಾಗ ದೊಡ್ಡ ರೇಡಿಯೋ ಐತಿ. ನೀ ಅಲ್ಲಿ ಕೇಳು, ನಾ ಇಲ್ಲಿ ಕೇಳತೀನಿ" ಅಂದಿದ್ದನಂತೆ. ಇದನ್ನು ಅಕ್ಕ ನನಗೆ ಹೇಳಿದ್ದು ಒಂದು ಸಲವಲ್ಲ, ನಲವತ್ತು ಸಲ.

ಆಮೇಲೆ ಎರಡು ಮನೆಗಳ ನಡುವೆ ಕೆಟ್ಟಿತು. ಕೆಟ್ಟದ್ದಾದರೂ ಯಾತಕ್ಕೆ ಅಂದರೆ, ಒಂದು ಪಂಕ್ತಿಗೆ. ಏಳನೇ ತಿಂಗಳಿಗೆ ಅಕ್ಕನಿಗೆ ನಮ್ಮ ಮನೆಯಲ್ಲಿ ಕುಬಸ ಮಾಡಿದೆವು, ಅಂದರೆ ಸೀಮಂತ. ಹಸಿರು ಸೀರೆ, ಹಸಿರು ಬಳೆ, ಊರವರಿಗೆ ಊಟ. ಯಲಬುರ್ಗಾದಿಂದ ಬೀಗರು ಬರುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ಎರಡು ತಾಸು ತಡವಾಯಿತು. ಹಸಿದ ಜನ ಎಷ್ಟು ಹೊತ್ತು ಕಾಯಬೇಕು ಅಂತ ಅಪ್ಪ ಮೊದಲ ಪಂಕ್ತಿ ಕೂಡಿಸಿಬಿಟ್ಟ. ಅಕ್ಕನ ಅತ್ತೆ ಬಂದು ನೋಡಿದರೆ ಊರವರು ಉಂಡು ಕೈ ತೊಳೆಯುತ್ತಿದ್ದಾರೆ, ಎಂಜಲೆಲೆ ತೆಗೆದ ಜಾಗದಲ್ಲಿ ಬೀಗರಿಗೆ ಎಲೆ ಹಾಕುತ್ತಿದ್ದಾರೆ. ಆ ಮುದುಕಿ ಉಣ್ಣಲಿಲ್ಲ. ಸೊಸೆಯ ಉಡಿ ತುಂಬಿ, ನೀರೂ ಕುಡಿಯದೆ ಬಸ್ಸು ಹತ್ತಿದಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಇಲ್ಲಿ ಗಂಡ ಹೆಂಡಿರಿಗೆ ಜಗಳವೇ ಇರಲಿಲ್ಲ, ಬಹುಶಃ ಅದಕ್ಕೇ ಮುಗಿಯಲಿಲ್ಲ. ಕೂಸು ಹುಟ್ಟಿತು, ಅವರು ನೋಡಲು ಬರಲಿಲ್ಲ. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ಹೆಸರು ಕರೆಯುವವಳು ಕೂಸಿನ ಸೋದರತ್ತೆ, ಅಂದರೆ ಮಾಮಾನ ಅಕ್ಕ. ಆಕೆಯನ್ನು ಗಂಗಾವತಿಗೆ ಕೊಟ್ಟಿತ್ತು. ಆಕೆಯೂ ಬರಲಿಲ್ಲ. ಸೋದರತ್ತೆ ಕಿವಿಯಲ್ಲಿ ಹೆಸರು ಕೂಗದೆ ಕೂಸಿಗೆ ಹೆಸರಿಲ್ಲ, ಅದು ಆಕೆಯ ಹಕ್ಕು, ಬೇರೆ ಯಾರೂ ಮುಟ್ಟುವಂತಿಲ್ಲ. ಹಾಗಾಗಿ ನಮ್ಮ ಕೂಸು ತಿಂಗಳಾಯಿತು, ಎರಡಾಯಿತು, ಮೂರಾಯಿತು, ಬರೀ ಕೂಸು. ಬಾವಿಕಟ್ಟೆಯಲ್ಲಿ ಹೆಂಗಸರು, "ಹೆಸರೇನಿಟ್ರಿ?" ಅಂತ ಬೇಕೆಂದೇ ಕೇಳುತ್ತಿದ್ದರು. ಗೊತ್ತಿದ್ದೂ ಕೇಳುವ ಹಾಳು ಬಾಯಿಗಳು!

"ಐದು ತಿಂಗಳಿಗೆ ಬಾಣಂತೀನ ಕರಕೊಂಡು ಹೋಗೋದು ಪದ್ಧತಿ. ಕರಿಯಾಕ ಬರ್ಲಿ, ಕಳಸತೀನಿ. ಕರೀದ ಕಳಸಾಕ ನನ್ನ ಮಗಳೇನು ದಾರ್ಯಾಗ ಬಿದ್ದಾಳೇನು?" ಎಂದು ಅಪ್ಪ ಅನ್ನುತ್ತಿದ್ದ. ಆ ಕಡೆ ಮುದುಕಿ, "ಅಪಮಾನ ಮಾಡಿದವರು ಅವರು. ತಂದು ಬಿಟ್ಟು ಹೋಗ್ಲಿ" ಅನ್ನುತ್ತಿದ್ದಾಳೆಂದು ಸುದ್ದಿ ಬರುತ್ತಿತ್ತು. ಇಬ್ಬರೂ ಹಟಮಾರಿಗಳು. ಐದು ತಿಂಗಳು ತುಂಬುವುದರೊಳಗೆ ಗಂಡ ಕರೆಯಲು ಬರುತ್ತಾನೋ ಇಲ್ಲವೋ, ಅಕ್ಕನ ಬದುಕೆಲ್ಲ ಅದರ ಮೇಲೆ ನಿಂತಿತ್ತು. ಐದು ದಾಟಿದರೆ ಊರು ಅವಳಿಗೆ 'ಗಂಡ ಬಿಟ್ಟಾಕಿ' ಅಂತ ಹೆಸರಿಡುತ್ತದೆ. ಅದಕ್ಕೆ ಸೋದರತ್ತೆ ಬೇಕಿಲ್ಲ.

ಅಕ್ಕ ಏನೂ ಮಾಡುವಂತಿರಲಿಲ್ಲ. ಕಾಗದ ಬರೆದರೆ ಅದು ಮುದುಕಿಯ ಕೈಗೆ ಮೊದಲು ಹೋಗುತ್ತಿತ್ತು. ಹೊರಟು ನಿಂತರೆ ಅಪ್ಪ ಕಾಲು ಮುರಿಯುತ್ತಿದ್ದ. ಹಗಲೆಲ್ಲ ಸುಮ್ಮನಿದ್ದು ರಾತ್ರಿ ಹಾಡು ಕೇಳುತ್ತ ಅಳುತ್ತಿದ್ದಳು. ಒಂದು ರಾತ್ರಿ ನಾನು ನಿದ್ದೆ ಹೋಗಿದ್ದೇನೆ ಅಂದುಕೊಂಡು ಕೂಸಿನ ಕಿವಿಯಲ್ಲಿ ಒಂದು ಹೆಸರು ಕರೆದಳು. "ನಿಮ್ಮಪ್ಪ ನಾನು ಕೂಡಿ ಇಟ್ಟಿದ್ದು. ಯಾರಿಗೂ ಹೇಳಬ್ಯಾಡ" ಅಂದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಅನ್ನುವುದು ಇದಕ್ಕೇ ಇರಬೇಕು, ಯಲಬುರ್ಗಾದ ಆ ರಾತ್ರಿಗಳಲ್ಲಿ ಹಾಡು ಕೇಳುತ್ತ ಇಬ್ಬರೂ ಹೆಸರು ಆರಿಸಿಕೊಂಡಿದ್ದರು. ಸೋದರತ್ತೆಗೆ ಆಮೇಲೆ ಮೆಲ್ಲಗೆ ಹೇಳಿ ಆಕೆಯ ಬಾಯಿಂದಲೇ ಇಡಿಸೋಣ ಅಂತ. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಆ ಹೆಸರು ಗಂಡ ಹೆಂಡತಿ ಇಬ್ಬರಿಗೇ ಗೊತ್ತು, ಈಗ ನನಗೂ ಗೊತ್ತು, ನನಗೆ ಗೊತ್ತೆನ್ನುವುದು ಯಾರಿಗೂ ಗೊತ್ತಿಲ್ಲ.

ಆಗ ಹೊಳೆಯಿತು ನನಗೆ. ಜಾಣೆ ನಾನು, ಎಂಥ ಜಾಣೆ! ಕಾಗದ ಮುದುಕಿಯ ಕೈಗೆ ಹೋಗಬಹುದು, ರೇಡಿಯೋದ ದನಿಯನ್ನು ಯಾವ ಮುದುಕಿ ಹಿಡಿಯುತ್ತಾಳೆ? ಉದ್ಯೋಗ ಕಚೇರಿಯಲ್ಲಿ ಹೆಸರು ಹಚ್ಚಲು ಅಪ್ಪನ ಜೊತೆ ಕೊಪ್ಪಳಕ್ಕೆ ಹೋಗುವುದಿತ್ತು. ಹಿಂದಿನ ದಿನ ಒಂದು ಕಾರ್ಡು ಬರೆದೆ. ಮಾಮಾನ ಹೆಸರು, ಅಕ್ಕನ ಹೆಸರು, ಮೂರನೆಯದು ಕೂಸಿನ ಹೆಸರು. ಆ ಹೆಸರು ಕೇಳಿದರೆ ಸಾಕು, ಹೆಂಡತಿ ಮಗಳು ಕರೆಯುತ್ತಿದ್ದಾರೆ ಅಂತ ಅವನಿಗೆ ತಿಳಿಯುತ್ತದೆ, ಮರುದಿನವೇ ಬಸ್ಸು ಹತ್ತುತ್ತಾನೆ. ಊರಿನ ಹೆಸರು ಕುಷ್ಟಗಿ ಅಂತ ಹಾಕಿದರೆ ಅಪ್ಪ ನನ್ನ ಚರ್ಮ ಸುಲಿಯುತ್ತಾನೆಂದು ಬರೀ 'ಕೊಪ್ಪಳ ಜಿಲ್ಲೆ' ಅಂತ ಬರೆದೆ. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಕೆಂಪು ಡಬ್ಬಿಗೆ ಹಾಕಿ ಬಂದೆ. ಸೋದರತ್ತೆಯ ಹಕ್ಕಿನ ವಿಚಾರ ನನ್ನ ತಲೆಯಲ್ಲಿ ಬರಲೇ ಇಲ್ಲವೆಂದರೆ ಸುಳ್ಳು. ಬಂದಿತ್ತು. ರೇಡಿಯೋದಲ್ಲಿ ಓದಿದರೆ ಹೆಸರಿಟ್ಟ ಹಾಗೆ ಹೇಗಾಗುತ್ತದೆ, ತೊಟ್ಟಿಲಿಲ್ಲ, ಏನಿಲ್ಲ ಅಂತ ನಾನೇ ಅದನ್ನು ತಳ್ಳಿಬಿಟ್ಟಿದ್ದೆ.

ಮೂರು ವಾರ ಏನೂ ಬರಲಿಲ್ಲ. ನಾಲ್ಕನೆಯ ವಾರ, ಶುಕ್ರವಾರ, ಆ ಮೆತ್ತನೆಯ ದನಿ "ಕೊಪ್ಪಳ ಜಿಲ್ಲೆಯಿಂದ" ಅಂತು. ಮಾಮಾನ ಹೆಸರು. ಅಕ್ಕನ ಹೆಸರು. ಕೂಸಿನ ಹೆಸರು. ಅಕ್ಕ ದಡಕ್ಕನೆ ಎದ್ದು ಕೂತಳು, ಸ್ಕಾರ್ಫಿನಿಂದ ರೇಡಿಯೋ ಜಾರಿ ಹಾಸಿಗೆಗೆ ಬಿತ್ತು. ಹಾಡು ಶುರುವಾಯಿತು. ಅವಳು ಹಾಡು ಕೇಳಲೇ ಇಲ್ಲ. ನನ್ನ ಭುಜ ಹಿಡಿದು ಅಲುಗಾಡಿಸಿ, "ಕೇಳಿದೇನ? ಕೇಳಿದೇನ? ಅವರು ಬರೆದಾರ! ಅವರು ಬರೆದಾರ ನೋಡ!" ಅಂದಳು.

ನಾನು ಹಾಸಿಗೆಗೆ ಬಿದ್ದ ರೇಡಿಯೋ ಎತ್ತಿ ದನಿ ತಗ್ಗಿಸಿದೆ.

"ಈ ಹೆಸರು ನಮ್ಮಿಬ್ಬರಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ. ಕಾಗದ ಬರದ್ರ ಅಪ್ಪ ಹರಿದಾನಂತ ರೇಡಿಯೋಕ್ಕ ಬರೆದಾರ. ಎಷ್ಟು ಶಾಣ್ಯಾ ಅದಾರ ನೋಡ ನಿಮ್ಮ ಮಾಮಾ!" ಎಂದು ಅಕ್ಕ ಕೂಸನ್ನು ಎತ್ತಿ ಎದೆಗೆ ಅವಚಿಕೊಂಡಳು. ಬಾಣಂತಿಯಾದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಆಗಲೇ ಹೇಳಬೇಕಿತ್ತು. ಅಕ್ಕ, ಬರೆದದ್ದು ನಾನು, ಅವನಿಗೆ ತಿಳಿಯಲಿ ಅಂತ ಬರೆದದ್ದು. ಇಷ್ಟೇ ಮಾತು. ಆ ನಗು ಕೆಡಿಸಲು ಮನಸ್ಸಾಗಲಿಲ್ಲ. ನಾಳೆ ಅವನು ಬಂದೇ ಬರುತ್ತಾನಲ್ಲ, ಬಂದ ಮೇಲೆ ಯಾರು ಬರೆದರೇನು ಅಂತ ಸುಮ್ಮನಾದೆ.

ಮರುದಿನದಿಂದ ಅಕ್ಕ ಬೇರೆಯೇ ಆದಳು. ಹೊತ್ತಿಗೆ ಮುಂಚೆ ಎದ್ದು ನೀರು ಹಾಕಿಕೊಂಡು, ಹೆರಳು ಹಾಕಿಕೊಂಡು, ಕೂಸಿಗೆ ಕಾಡಿಗೆ ತೀಡಿ ಕೂಡುತ್ತಿದ್ದಳು. ಯಲಬುರ್ಗಾ ಬಸ್ಸು ದಿನಕ್ಕೆ ಎಷ್ಟು, ಎಷ್ಟು ಹೊತ್ತಿಗೆ ಅಂತ ಅವಳಿಗೆ ಬಾಯಿಪಾಠ. ಒಂದೊಂದು ಬಸ್ಸಿನ ಹೊತ್ತಿಗೂ ಏನೋ ನೆಪ ಮಾಡಿ ಬಾಗಿಲಿಗೆ ಬರುತ್ತಿದ್ದಳು. ಸೀರೆಗಳನ್ನು ಮಡಿಚಿ ಚೀಲಕ್ಕೆ ಹಾಕಿದಳು, ಮತ್ತೆ ತೆಗೆದು ಮತ್ತೆ ಮಡಿಚಿದಳು. "ಏನ ಬೇ ಇದು, ಎಲ್ಲಿಗೆ ಹೊಂಟಿ?" ಅಂತ ಅವ್ವ ಕೇಳಿದರೆ, "ಸುಮ್ನ ಧೂಳಾಗ್ಯಾವು" ಅನ್ನುತ್ತಿದ್ದಳು. ಹತ್ತು ದಿನ ಹೀಗೆ. ನಾನು ಅವಳ ಮುಖ ನೋಡಲಾರದೆ ಟೈಪಿಂಗ್ ಕ್ಲಾಸಿನಲ್ಲೇ ಹೊತ್ತು ಕಳೆಯುತ್ತಿದ್ದೆ.

ಹನ್ನೊಂದನೆಯ ದಿನ ಅವರು ಬಂದರು. ಅಕ್ಕನೇ ಮೊದಲು ನೋಡಿದ್ದು. "ಬಂದ್ರು" ಅಂತ ಒಳಗೆ ಓಡಿ ಬಂದು ಕುಂಕುಮ ಸರಿ ಮಾಡಿಕೊಂಡಳು. ಕಿಟಕಿಯಿಂದ ನಾನು ನೋಡಿದೆ: ಮಾಮಾ, ಅವನ ಸೋದರಮಾವ, ಊರಿನ ಇಬ್ಬರು ಹಿರಿಯರು, ಅವರ ಮುಂದೆ ಗಂಗಾವತಿಯ ಅವನ ಅಕ್ಕ. ಕೂಸು ನೋಡಲು ಬರುವವರ ಕೈಯಲ್ಲಿ ಬುಟ್ಟಿ ಇರುತ್ತದೆ, ಕುಲಾವಿ ಇರುತ್ತದೆ, ಬೆಲ್ಲ ಕೊಬ್ಬರಿ ಇರುತ್ತದೆ. ಇವರ ಕೈ ಖಾಲಿ ಇದ್ದವು.

ಅಪ್ಪ ಪಡಸಾಲೆಯಲ್ಲಿ ಕಂಬಳಿ ಹಾಸಿದ. ಅವ್ವ ತಂಬಿಗೆಯಲ್ಲಿ ನೀರು ಕೊಟ್ಟಳು, ಯಾರೂ ಮುಟ್ಟಲಿಲ್ಲ. ಮಾತು ತೆಗೆದವಳು ಮಾಮಾನ ಅಕ್ಕ. ಆಕೆ ಜಗಳಗಂಟಿಯಲ್ಲ, ನಾನು ಬಲ್ಲೆ, ಅಕ್ಕನ ಮದುವೆಯಲ್ಲಿ ನನಗೆ ತನ್ನ ಕೈಯಾರೆ ಹೂ ಮುಡಿಸಿದವಳು. ಅವತ್ತು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಮೂರು ತಿಂಗಳಾತ್ರಿ, ನಮ್ಮವ್ವನ ಕಾಲು ಹಿಡದು ಕುಂತಿದ್ದೆ ನಾನು. ಪಂಕ್ತಿ ಮಾತು ಬಿಡವ್ವ, ನಡಿ, ಕೂಸಿನ ತೊಟ್ಟಿಲಿಗೆ ಹಾಕಿ ಬರೋಣು ಅಂತ. ಕಡೀಕ ಹ್ಞೂಂ ಅಂದ್ಳು ಮುದುಕಿ. ಸೋಮವಾರ ಬರಾಕ ನಿಂತಿದ್ವಿ. ಬೆಳ್ಳಿ ಕಡಗ ತಂದಿಟ್ಟಿದ್ದೆ. ಶುಕ್ರವಾರ ರಾತ್ರಿ ನೀವು ಹೆಸರಿಟ್ಟು ಕುಂತ್ರಿ. ಮುಂಜಾನೆ ನಮ್ಮ ಓಣ್ಯಾಗಿನಕಿ ಬಂದು, ನಿಮ್ಮ ತಮ್ಮನ ಮಗಳ ಹೆಸರು ರೇಡಿಯೋದಾಗ ಬಂತಲ್ಲವ್ವ, ನಿನ್ನ ಕರೀಲಿಲ್ಲೇನು ಅಂತ ನನಗ ಕೇಳತಾಳ. ಏನು ಹೇಳ್ಲಿ ನಾನು? ನಾ ಸತ್ತೀನಂತ ಹೇಳ್ಲ್ಯಾ?"

ಅಪ್ಪ ಗಾಬರಿಯಾದ. ಅವನಿಗೆ ರೇಡಿಯೋದ ಗಂಧವೇ ಇಲ್ಲ. "ಯವ್ವಾ, ದೇವರಾಣಿ, ನಮ್ಮ ಮನ್ಯಾಗ ಯಾರೂ ಹೆಸರಿಟ್ಟಿಲ್ಲ. ಕೂಸಿಗೆ ಇವತ್ತಿಗೂ ಹೆಸರಿಲ್ಲ" ಅಂದ.

"ಹಂಗಾರ ಆ ಕಾರ್ಡು ಯಾರು ಬರದ್ರು?"

ಬಾಗಿಲ ಹಿಂದೆ ನಿಂತಿದ್ದ ಅಕ್ಕ ಆಗ ಹೊರಗೆ ಬಂದಳು. ಹಿರಿಯರು ಕೂತಲ್ಲಿ ಬಾಣಂತಿ ಹೆಂಗಸು ಹೊರಗೆ ಬಂದು ಮಾತಾಡುವುದೇ? ಅವ್ವ ಸೆರಗು ಹಿಡಿದು ಎಳೆದಳು, ಅಕ್ಕ ನಿಲ್ಲಲಿಲ್ಲ. ಹೆದರಿಕೆ ಒಂಚೂರೂ ಇರಲಿಲ್ಲ ಅವಳ ಮುಖದಲ್ಲಿ. ಗಂಡ ತನ್ನ ಕಡೆ ಇದ್ದಾನೆ ಅನ್ನುವ ಧೈರ್ಯ ಅದು. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಬರದವರು ನಿಮ್ಮ ತಮ್ಮಾರು. ಆ ಹೆಸರು ನಮ್ಮಿಬ್ಬರಿಗೇ ಗೊತ್ತು. ಕೇಳ್ರಿ ಬೇಕಾರ ಅವರನ್ನ" ಅಂದಳು.

ಎಲ್ಲರೂ ಮಾಮಾನ ಕಡೆ ತಿರುಗಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದೆ. ಮಾಮಾ ಅಕ್ಕನನ್ನು ನೋಡಿದ. ಅವನ ಮುಖದ ಮೇಲೆ ಮೊದಲು ಆಶ್ಚರ್ಯ ಬಂತು. ಕಾರ್ಡು ಅವಳೇ ಬರೆದಿದ್ದಾಳೆ ಅಂತ ಅವನು ತಿಳಿದಿದ್ದ, ಪಾಪ, ಅವಳು ಬರೆದಿಲ್ಲ ಅಂತ ಅವನಿಗೆ ತಿಳಿದದ್ದೇ ಆಗ. ಅವನ ಅಕ್ಕ, "ಹೌದೇನೋ? ನನ್ನ ಹಕ್ಕು ನೀ ರೇಡಿಯೋಕ್ಕ ಕೊಟ್ಟೇನು?" ಅಂತ ಕೇಳಿದಳು. ಸೋದರಮಾವ, "ಮಾತಾಡೋ, ಬಾಯಾಗೇನು ಅವಲಕ್ಕಿ ತುಂಬ್ಯಾವೇನು?" ಅಂದ.

ಮಾಮಾ ತಲೆ ತಗ್ಗಿಸಿದ. "ಇಲ್ಲಕ್ಕ. ನಾ ಬರದಿಲ್ಲ."

ನಿಜವನ್ನೇ ಹೇಳಿದ. ನಾನು ಅವತ್ತಿನಿಂದ ನಿಜ ಅನ್ನುವ ಮಾತಿಗೆ ಹೆದರುತ್ತೇನೆ. ಅಕ್ಕನ ಮುಖದಲ್ಲಿದ್ದದ್ದೆಲ್ಲ ಒಮ್ಮೆಲೇ ಇಳಿದುಹೋಯಿತು. ಅವಳು ಗಂಡನನ್ನೇ ನೋಡುತ್ತ ನಿಂತಳು, ಅವನು ಕಂಬಳಿಯ ಅಂಚು ನೋಡುತ್ತಿದ್ದ. ನಾನು ಹೇಳಬೇಕಿತ್ತು. ಎರಡು ಹೆಜ್ಜೆ ಮುಂದೆ ಬಂದು, ನಾನು ಬರೆದೆ, ನನ್ನನ್ನು ಬಡಿಯಿರಿ, ಅಕ್ಕನನ್ನು ಕರೆದೊಯ್ಯಿರಿ ಅನ್ನಬೇಕಿತ್ತು. ಮದುವೆಯಾಗದ ಹುಡುಗಿ, ರೇಡಿಯೋಕ್ಕೆ ಕಾಗದ ಬರೆಯುವಂಥವಳು, ಗಂಡ ಹೆಂಡಿರ ಹಾಸಿಗೆಯ ಮಾತು ಕದ್ದು ಕೇಳುವಂಥವಳು ಅಂತ ಹಿರಿಯರ ಮುಂದೆ ಅನ್ನಿಸಿಕೊಳ್ಳಲು ಹೆದರಿದೆ. ಅಪ್ಪನಿಗೆ ಹೆದರಿದೆ. ನೆಪ ಎಷ್ಟಾದರೂ ಹೇಳಬಹುದು. ಕೂಸು ಅಳತೊಡಗಿತು, ಸಮಾಧಾನ ಮಾಡುವ ನೆಪದಲ್ಲಿ ಹಿತ್ತಲಿಗೆ ಹೋಗಿಬಿಟ್ಟೆ. ಹೇಡಿ.

ನಾನು ಒಳಗೆ ಬರುವಷ್ಟರಲ್ಲಿ ಅವರು ಎದ್ದಿದ್ದರು. ಹೆಸರೂ ನೀವೇ ಇಟ್ಟಿರಿ, ಸುಳ್ಳನ್ನೂ ನಮ್ಮ ಹುಡುಗನ ತಲೆಗೆ ಕಟ್ಟಿದಿರಿ, ಇನ್ನು ಮಗಳನ್ನೂ ನೀವೇ ಇಟ್ಟುಕೊಳ್ಳಿರಿ ಅಂದರಂತೆ ಹಿರಿಯರು. ಮುಂದೆ ಎರಡು ವರ್ಷಕ್ಕೆ ಕೋರ್ಟಿನಲ್ಲಿ ವಿಚ್ಛೇದನವಾಯಿತು. ಮಾಮಾನಿಗೆ ನವಲಿಯ ಕಡೆಯ ಹೆಣ್ಣು ತಂದರು.

ಅವರು ಹೋದ ರಾತ್ರಿ ಅಕ್ಕ ನನ್ನನ್ನು ನೇರ ಕೇಳಿದಳು. "ಏ, ನೀನೇನರ ಬರದ್ಯೇನು?"

"ಇಲ್ಲಕ್ಕ. ನನಗ ಆ ಹೆಸರು ಹೆಂಗ ಗೊತ್ತಿರತೈತಿ?" ಅಂದೆ.

ಅವಳು ಕೂಸಿನ ಹೊದಿಕೆ ಸರಿ ಮಾಡಿದಳು. "ಅವರಽ ಬರದಾರ. ಹಿರೇರ ಮುಂದ, ಅಕ್ಕನ ಮುಂದ ಅಂಜಿ ಇಲ್ಲ ಅಂದ್ರು. ಅವರ ಸ್ವಭಾವ ನನಗ ಗೊತ್ತಿಲ್ಲೇನು?" ಅಂದು ಮಗ್ಗುಲಾಗಿ ಮಲಗಿದಳು. ಆ ನಂಬಿಕೆಯನ್ನು ಹಿಡಿದುಕೊಂಡು ಅವಳು ಬದುಕಿದಳು.

ಕೂಸಿಗೆ ಏಳು ತಿಂಗಳಾದಾಗ ಅವ್ವ ತೊಟ್ಟಿಲು ಕಟ್ಟಿದಳು. ಹೆಸರು ಕರೆಯಲು ಸೋದರತ್ತೆಯ ಜಾಗದಲ್ಲಿ ಯಾರಾದರೂ ಬೇಕಲ್ಲ, ನನ್ನನ್ನೇ ಕೂಡಿಸಿದರು. ಕೂಸಿನ ಕಿವಿಯಲ್ಲಿ 'ಕುರ್ರ್' ಅಂದು ಆ ಹೆಸರನ್ನೇ ಕೂಗಿದೆ. ಹೆಸರು ಕೂಗುವವಳ ಬೆನ್ನಿಗೆ ಹೆಂಗಸರು ನಗುತ್ತ ಗುದ್ದಬೇಕು, ಅದೊಂದು ಚಾಷ್ಟಿ, ತಮಾಷೆ. ಅವತ್ತು ಯಾರಿಗೂ ಚಾಷ್ಟಿಯ ಮನಸ್ಸಿರಲಿಲ್ಲ, ಅವ್ವ ಒಬ್ಬಳೇ ಮೆಲ್ಲಗೆ ಒಮ್ಮೆ ತಟ್ಟಿದಳು. ಗುದ್ದಿದ್ದರೆ ಚೆನ್ನಾಗಿತ್ತು ಅನಿಸಿತು ನನಗೆ.

ನನಗೆ ಕೊಪ್ಪಳದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು, ಮದುವೆಯಾಯಿತು. ಅಕ್ಕ ಕುಷ್ಟಗಿಯಲ್ಲೇ ಹೊಲಿಗೆ ಮಷೀನಿಟ್ಟು ಮಗಳನ್ನು ಓದಿಸಿದಳು. ಊರು ಅವಳಿಗೆ ಬಿಟ್ಟಾಕಿ ಅಂದಿತು. ಅವಳು ಮಗಳಿಗೆ ಮಾತ್ರ ಒಂದೇ ಮಾತು ಹೇಳಿ ಬೆಳೆಸಿದಳು: "ನಿಮ್ಮಪ್ಪ ಬಿಟ್ಟಿಲ್ಲ ನಮ್ಮನ್ನ. ಇಡೀ ಜಿಲ್ಲಾ ಕೇಳೋ ಹಂಗ ನಮ್ಮ ಹೆಸರು ಹೇಳಿ ಕರದಾನ. ಬಿಡಿಸಿದವರು ಮಂದಿ." ಹುಡುಗಿ ಇದನ್ನು ಹೇಳಿ ಶಾಲೆಯಲ್ಲಿ ಜಗಳಾಡುತ್ತಿದ್ದಳು. ನನ್ನ ಎದುರು ಈ ಮಾತು ಬಂದಾಗಲೆಲ್ಲ ನಾನು ಎದ್ದು ನೀರು ಕುಡಿಯಲು ಹೋಗುತ್ತಿದ್ದೆ. ಹೇಳಿಬಿಡಬೇಕು ಅಂತ ಎಷ್ಟು ಸಲ ಬಸ್ಸು ಹತ್ತಿ ಬಂದಿದ್ದೇನೆ. ಬಂದು ಅವಳ ಮುಖ ನೋಡಿದರೆ, ಅವಳ ಹತ್ತಿರ ಇದೊಂದನ್ನು ಬಿಟ್ಟು ಇನ್ನೇನೂ ಇಲ್ಲ. ಅದನ್ನೂ ಕಸಿದುಕೊಂಡು ನಾನೇನು ಪುಣ್ಯ ಕಟ್ಟಿಕೊಳ್ಳಲಿ? ಹೇಳಿದರೂ ಪಾಪ, ಹೇಳದಿದ್ದರೂ ಪಾಪ.

ಎರಡು ವರ್ಷದ ಹಿಂದೆ ಹುಡುಗಿಯ ಮದುವೆ ಗೊತ್ತಾಯಿತು. ಗಂಗಾವತಿಯ ದವಾಖಾನೆಯಲ್ಲಿ ನರ್ಸ್ ಆಗಿದ್ದಳು, ಹುಡುಗ ಆನೆಗೊಂದಿಯವ. ಲಗ್ನಪತ್ರಿಕೆ ಬಂದ ದಿನ ಅವಳು, "ಮೊದಲ್ನೇದು ನಮ್ಮಪ್ಪಗ ಕೊಡತೀನಿ" ಅಂದಳು. ಅಕ್ಕನ ಕಡೆ ನೋಡಿದೆ. "ನಾ ಹೆಂಗ ಬರ್ಲಿ, ಅವರು ಕರೀದ? ನೀ ಹೋಗಿ ಬಾ ಇಕಿ ಕೂಡ" ಅಂದಳು ಅಕ್ಕ. ಇಪ್ಪತ್ತೈದು ವರ್ಷದ ಮೇಲೂ ಅವಳಿಗೆ ಪದ್ಧತಿಯೇ!

ಯಲಬುರ್ಗಾದ ಬಸ್ಸಿನಲ್ಲಿ ನನಗೆ ಒಂದೇ ವಿಚಾರ. ಹುಡುಗಿ ರೇಡಿಯೋದ ಮಾತು ತೆಗೆಯುತ್ತಾಳೆ, ಅವನು ಇಲ್ಲ ಅನ್ನುತ್ತಾನೆ, ಅವಳು ಮನೆಗೆ ಬಂದು ಅಕ್ಕನಿಗೆ ಹೇಳುತ್ತಾಳೆ. ಅಷ್ಟೇ, ಮುಗಿಯಿತು. ನಡುವೆ ಇಳಿದು ಎಲ್ಲಿಯಾದರೂ ಓಡಿಹೋಗಲೇ ಅನಿಸಿತು.

ಮಾಮಾನ ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾಗಿಲು ತೆರೆದು ಹುಡುಗಿಯನ್ನು ನೋಡಿದವನೇ ಗುರುತು ಹಿಡಿದ, ಅಕ್ಕನದೇ ಮುಖ ಅವಳದು. ಅವನ ಹೆಂಡತಿ ಒಳ್ಳೆಯವಳು, ಕೂಡ್ರಿ ಬರ್ರಿ ಅಂದು ಚಹಾ ಮಾಡಲು ಒಳಗೆ ಹೋದಳು. ಹುಡುಗಿ ಕಾಲಿಗೆ ಬಿದ್ದು ಪತ್ರಿಕೆ ಕೊಟ್ಟಳು. ಅವನು ಕನ್ನಡಕ ಹಾಕಿಕೊಂಡು ಅವಳ ಹೆಸರಿದ್ದಲ್ಲಿ ಬೆರಳಿಟ್ಟು ಎರಡೆರಡು ಸಲ ಓದಿದ.

"ಅಪ್ಪಾರ, ಒಂದು ಮಾತು ಕೇಳತೀನ್ರಿ. ನಾ ಸಣ್ಣಾಕಿದ್ದಾಗ ನೀವು ರೇಡಿಯೋದಾಗ ನನ್ನ ಹೆಸರು ಹೇಳಿಸಿದ್ರಂತ. ಅವ್ವ ದಿನಾ ಹೇಳತಾಳ. ಖರೇ ಏನ್ರಿ?" ಎಂದು ಕೇಳಿಯೇಬಿಟ್ಟಳು ಹುಡುಗಿ.

ಅವನು ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ, ತಪ್ಪಿಸಲಾಗಲಿಲ್ಲ.

"ಹೌದವ್ವ, ನಾನಽ ಬರದಿದ್ದೆ" ಅಂದ.

ಹುಡುಗಿ ಅತ್ತಳು. ಅವನ ಹೆಂಡತಿ ಚಹಾ ತಂದಳು, ಅವಳನ್ನು ಒಳಗೆ ಕರೆದುಕೊಂಡು ಹೋಗಿ ಉಡಿ ತುಂಬಿದಳು. ಪಡಸಾಲೆಯಲ್ಲಿ ನಾವಿಬ್ಬರೇ ಉಳಿದಾಗ ಅವನು ದನಿ ತಗ್ಗಿಸಿ, "ಅವತ್ತು ನೀನರ ಹೇಳಬೇಕಿತ್ತವ್ವ" ಅಂದ.

"ಈಗ ಅಂದ ಮಾತು ಅವತ್ತು ನೀವರ ಅನಬೇಕಿತ್ತಲ್ರಿ ಮಾಮಾರ" ಅಂದೆ. ಅವನು 'ಹ್ಞೂಂ' ಅಂದ.

ಕುಷ್ಟಗಿ ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು. ಅಕ್ಕ ಮಷೀನಿನ ಮುಂದೆ ಕೂತಿದ್ದಳು, ತುಳಿಯುತ್ತಿರಲಿಲ್ಲ. ಹುಡುಗಿ ಓಡಿ ಹೋಗಿ ಅವಳನ್ನು ತಬ್ಬಿಕೊಂಡು, "ಯವ್ವಾ, ಅಪ್ಪ ಹೌದು ಅಂದ್ರು. ನಾನಽ ಬರದಿದ್ದೆ ಅಂದ್ರು" ಅಂತ ಹೇಳಿದಳು.

ಅಕ್ಕ ಮಗಳ ತಲೆಯ ಮೇಲಿಂದ ನನ್ನನ್ನು ನೋಡಿದಳು. ಕಣ್ಣು ತುಂಬಿದ್ದವು, ನಗುತ್ತಿದ್ದಳು. "ನಾ ಹೇಳಿದ್ದಿಲ್ಲೇನು? ನೀ ಒಬ್ಬಾಕಿ ನಂಬಿದ್ದಿಲ್ಲ ನೋಡು. ನಾ ಈ ಮಾತು ಹೇಳಿದಾಗೊಮ್ಮೆ ಎದ್ದು ಹೋಗತಿದ್ದಿ. ಈಗರ ನಂಬತೀಯೇನು?"

"ನಂಬತೀನಕ್ಕ" ಅಂದೆ.